ಬಂದ ಬೆಲೆ, ಕೊಡುವ ಮಾತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಮಾರಿ ನೋಡು ಎಂದು ಹೇಳಲಿಲ್ಲ. ಅವರ ಕಾಲದಲ್ಲಿ ಮನೆಯ ಮಾರಾಟವೆಂದರೆ ಸಂಕಟಕ್ಕೆ ಸಿಲುಕಿದ ಕುಟುಂಬದ ಕೊನೆಯ ದಾರಿ, ನೆರೆಹೊರೆಗೆ ತಿಳಿಯದಂತೆ ಮುಗಿಸಬೇಕಾದ ಕಾರ್ಯ. ಇಂದಿನ ಪರಿಸ್ಥಿತಿ ಬೇರೆ. ಮಕ್ಕಳು ಬೆಂಗಳೂರಿನಲ್ಲೋ ಪುಣೆಯಲ್ಲೋ ಪರದೇಶದಲ್ಲೋ ನೆಲೆಸಿರುತ್ತಾರೆ. ಊರಿನ ದೊಡ್ಡ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರೇ ಉಳಿದು, ಮಳೆಗಾಲ ಬಂದಾಗಲೆಲ್ಲ ಸೋರುವ ಮಾಳಿಗೆಯನ್ನು ನೋಡುತ್ತ ಕಾಲ ಕಳೆಯುತ್ತಾರೆ. ಇಂಥಲ್ಲಿ ಮನೆಯನ್ನು ಮಾರಿ, ಮಕ್ಕಳ ಸಮೀಪದಲ್ಲಿ ಚಿಕ್ಕದೊಂದು ಮನೆಯನ್ನು ಕೊಳ್ಳುವುದು ಅವಮಾನದ ಸಂಗತಿಯಲ್ಲ; ಅದು ವಿವೇಕದ ನಡೆ.

ಆದರೆ ಆ ವಿವೇಕ ಪರೀಕ್ಷೆಗೆ ಒಳಗಾಗುವುದು ಮನೆ ಮಾರಲು ನಿಶ್ಚಯಿಸಿದ ದಿನವಲ್ಲ, ಮೊದಲ ಗಿರಾಕಿ ಬೆಲೆ ಹೇಳಿದ ದಿನ. ಮಧ್ಯವರ್ತಿಯೊಡನೆ ಬಂದವರು ಮನೆಯನ್ನೆಲ್ಲ ನೋಡಿ, ಚಹಾ ಕುಡಿದು, ಒಂದು ಅಂಕಿಯನ್ನು ಹೇಳುತ್ತಾರೆ. “ಅವ್ವಾರ, ಈಗ ಹೂಂ ಅನ್ರಿ, ನಾಳೆ ಈ ರೇಟು ಸಿಗೂದಿಲ್ಲ” ಎಂದು ಮಧ್ಯವರ್ತಿ ಅವಸರಪಡಿಸುತ್ತಾನೆ. ಮೇಜಿನ ಮೇಲೆ ಐವತ್ತು ಸಾವಿರದ ಕಟ್ಟೊಂದು ಕಾಣಿಸಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಆಡಿದ ಒಂದು ಮಾತು ಅನೇಕ ಕುಟುಂಬಗಳನ್ನು ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿಸಿದೆ, ಅಣ್ಣ ತಂಗಿಯರ ನಡುವೆ ಮಾತು ನಿಲ್ಲಿಸಿದೆ. ಆದುದರಿಂದ ಈ ತಿಂಗಳು ನಾವು ಓದುಗ ಬಂಧುಗಳೊಡನೆ ವಿಚಾರ ಮಾಡಲು ಬಯಸುವುದು ಇಷ್ಟನ್ನೇ: ಬೆಲೆಯನ್ನು ಎಲ್ಲರಿಂದಲೂ ಕೇಳಿರಿ, ಮಾತನ್ನು ಒಬ್ಬರಿಗೆ, ಒಂದೇ ಸಲ, ಬರವಣಿಗೆಯಲ್ಲಿ ಕೊಡಿರಿ, ಕೊಟ್ಟ ಮೇಲೆ ಹಿಂದೆ ಸರಿಯಬೇಡಿರಿ.

ಮೊದಲು ಮನೆಯೊಳಗಿನ ಒಪ್ಪಿಗೆ

ಗಿರಾಕಿಗೆ ಉತ್ತರ ಹೇಳುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಮನೆಯನ್ನು ಮಾರುವ ಅಧಿಕಾರ ಯಾರದು? 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 2ನೆಯ ಕಲಮು ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಹೇಳಿ ನಮ್ಮ ಕುಟುಂಬಗಳಿಗೂ ಆ ಕಾನೂನನ್ನು ಅನ್ವಯಿಸಿದೆ. ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿದ ಮನೆಯಾದರೆ, ಅವರು ಬದುಕಿರುವಷ್ಟು ಕಾಲ ಮಾರುವ ಹಕ್ಕು ಅವರದೇ. ಅವರು ಉಯಿಲು ಬರೆಯದೆ ತೀರಿಕೊಂಡರೆ, ಅವರ ಪತ್ನಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಅವರ ತಾಯಿ ಬದುಕಿದ್ದಲ್ಲಿ ಆ ಹಿರಿಯರೂ ಸಮಪಾಲಿಗೆ ಬಾಧ್ಯರಾಗುತ್ತಾರೆ. ಪಿತ್ರಾರ್ಜಿತ ಸ್ವತ್ತಾದರೆ, 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹಕ್ಕು ಹುಟ್ಟಿನಿಂದಲೇ ಇದೆ. ಆ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

“ಮಗಳಿಗೆ ಉಡಿ ತುಂಬಿ ಕಳಿಸಿದ್ದೇವೆ, ಇನ್ನೆಲ್ಲಿಯ ಪಾಲು?” ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಕಾನೂನು ಆ ಮಾತನ್ನು ಒಪ್ಪುವುದಿಲ್ಲ, ನ್ಯಾಯಬುದ್ಧಿಯೂ ಒಪ್ಪಲಾರದು. ಮಗಳನ್ನು ಕೇಳದೆ ಅಣ್ಣತಮ್ಮಂದಿರು ಗಿರಾಕಿಗೆ ಮಾತು ಕೊಟ್ಟರೆ, ಆ ಮಾತಿಗೆ ಅವಳ ಪಾಲಿನ ಮಟ್ಟಿಗೆ ಬೆಲೆಯಿಲ್ಲ. ಕೊಳ್ಳುವವರ ವಕೀಲರು ವಂಶಾವಳಿಯನ್ನು ನೋಡಿದ ದಿನವೇ ವ್ಯವಹಾರ ನಿಲ್ಲುತ್ತದೆ. ಆಗ ಸಹಿಗಾಗಿ ಅವಳ ಮನೆಗೆ ಓಡುವುದಕ್ಕಿಂತ, ಬೆಲೆಯ ಮಾತು ಆರಂಭವಾಗುವ ಮುನ್ನವೇ ಅವಳನ್ನು ಕರೆಸಿ ಕೂರಿಸಿಕೊಂಡು ವಿಚಾರ ಮಾಡುವುದು ಲೇಸು. ಅವಳು ತನ್ನ ಪಾಲನ್ನು ಮನಸಾರೆ ಬಿಟ್ಟುಕೊಟ್ಟರೆ, ಹಕ್ಕು ಬಿಡುಗಡೆ ಪತ್ರವು ನೋಂದಣಿಯಾಗಲಿ; ಬಾಯಿಮಾತು ಸಾಲದು.

ಇನ್ನೊಂದು ಅಂಶವನ್ನೂ ನೆನಪಿಡಬೇಕು. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಮಾರಲು ಹೊರಟರೆ, ಅದನ್ನು ಕೊಳ್ಳುವ ಮೊದಲ ಅವಕಾಶವನ್ನು ಅದೇ ಕಾಯಿದೆಯ 22ನೆಯ ಕಲಮು ಉಳಿದ ಪ್ರಥಮ ವರ್ಗದ ವಾರಸುದಾರರಿಗೆ ನೀಡಿದೆ. ಆದ್ದರಿಂದ ಹೊರಗಿನವರು ಹೇಳಿದ ಬೆಲೆಗೆ ಮನೆಯವರೇ ಯಾರಾದರೂ ಉಳಿಸಿಕೊಳ್ಳುವರೇ ಎಂದು ಕೇಳುವುದು ಸೌಜನ್ಯವೂ ಹೌದು, ಮುನ್ನೆಚ್ಚರಿಕೆಯೂ ಹೌದು.

ಆ ಕೂಟದಲ್ಲಿಯೇ ಮೂರು ಸಂಗತಿಗಳು ತೀರ್ಮಾನವಾಗಲಿ. ಯಾವ ಬೆಲೆಗಿಂತ ಕೆಳಗೆ ಇಳಿಯಬಾರದು, ಹಣ ಯಾವಾಗ ಬೇಕು, ಗಿರಾಕಿಯೊಡನೆ ಯಾರು ಮಾತನಾಡಬೇಕು. ಮಾತನಾಡುವವರು ಒಬ್ಬರೇ ಇರಲಿ. ತಾಯಿಯದೊಂದು ಬೆಲೆ, ಹಿರಿಯ ಮಗನದೊಂದು ಬೆಲೆ, ಅಳಿಯನದೊಂದು ಬೆಲೆ ಎಂದಾದರೆ ಗಿರಾಕಿ ಅತಿ ಕಡಿಮೆಯದನ್ನು ಹಿಡಿದುಕೊಳ್ಳುತ್ತಾನೆ. ಕನಿಷ್ಠ ಬೆಲೆಯನ್ನು ನಿಶ್ಚಯಿಸಲು ಉಪನೋಂದಣಾಧಿಕಾರಿಗಳ ಕಚೇರಿಯ ಮಾರ್ಗಸೂಚಿ ಮೌಲ್ಯವನ್ನು ನೋಡಿರಿ, ಅದೇ ಓಣಿಯಲ್ಲಿ ಇತ್ತೀಚೆಗೆ ಮಾರಾಟವಾದ ಮನೆಗಳ ಬೆಲೆಯನ್ನು ವಿಚಾರಿಸಿರಿ. ಅಜ್ಜ ನೆಟ್ಟ ತೆಂಗಿನ ಮರ, ಮಕ್ಕಳು ಆಡಿದ ಪಡಸಾಲೆ ನಮಗೆ ಬೆಲೆ ಕಟ್ಟಲಾಗದ ಸಂಪತ್ತು. ಆದರೆ ಕೊಳ್ಳುವವರು ಅದಕ್ಕೆ ಹಣ ಕೊಡುವುದಿಲ್ಲ. ಅವರು ಕಡಿಮೆ ಬೆಲೆ ಹೇಳಿದರೆ ಅದು ನಮ್ಮ ಮನೆತನಕ್ಕೆ ಮಾಡಿದ ಅವಮಾನವೆಂದು ಭಾವಿಸಬೇಕಾಗಿಲ್ಲ.

ಅಂಕಿಯ ಹಿಂದಿನ ಲೆಕ್ಕ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಧಾರವಾಡದಂಥ ಊರಿನಲ್ಲಿ ತಂದೆ ಸ್ವಂತ ದುಡಿಮೆಯಿಂದ ಕಟ್ಟಿಸಿ, ಉಯಿಲು ಬರೆಯದೆ ಬಿಟ್ಟುಹೋದ ಮನೆಯೊಂದಿದೆ. ತಾಯಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ನಾಲ್ವರಿಗೂ ಕಾಲು ಕಾಲು ಪಾಲು. ಮಾರ್ಗಸೂಚಿ ಮೌಲ್ಯ 48 ಲಕ್ಷ ರೂಪಾಯಿ. ಮೂವರು ಗಿರಾಕಿಗಳು ಬಂದಿದ್ದಾರೆ. ಮೊದಲನೆಯವರು 80 ಲಕ್ಷ ಕೊಡುತ್ತೇವೆ ಎನ್ನುತ್ತಾರೆ. ಆದರೆ ಕ್ರಯಪತ್ರದಲ್ಲಿ 50 ಲಕ್ಷ, ಉಳಿದ 30 ಲಕ್ಷ ನಗದು. ಎರಡನೆಯವರು 72 ಲಕ್ಷ, ಪೂರ್ತಿ ಬ್ಯಾಂಕಿನ ಮೂಲಕ. ಅದರಲ್ಲಿ 48 ಲಕ್ಷ ಸಾಲ, 90 ದಿನಗಳ ಕಾಲಾವಕಾಶ. ಮೂರನೆಯವರು 68 ಲಕ್ಷ, ಸಾಲವಿಲ್ಲ, 30 ದಿನಗಳಲ್ಲಿ ನೋಂದಣಿ.

ಮೊದಲ ನೋಟಕ್ಕೆ 80 ಲಕ್ಷವೇ ದೊಡ್ಡದು. ಆದರೆ 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಪಡೆದರೆ, ಪಡೆದಷ್ಟೇ ಮೊತ್ತದ ದಂಡಕ್ಕೆ ಅವಕಾಶವಿದೆ. ಆ ದಂಡ ಪಡೆದವರ ಮೇಲೆ, ಅಂದರೆ ಮಾರುವವರ ಮೇಲೆ. 30 ಲಕ್ಷ ನಗದು ಪಡೆದವರು 30 ಲಕ್ಷ ದಂಡ ತೆತ್ತರೆ ಕೈಯಲ್ಲಿ ಉಳಿಯುವುದು 50 ಲಕ್ಷ, ಅದರ ಮೇಲೆ ತೆರಿಗೆ ಬೇರೆ. ದಂಡ ಬೀಳದಿದ್ದರೂ ತೊಡಕು ತಪ್ಪದು. ಆ ನಗದನ್ನು ಬ್ಯಾಂಕಿಗೆ ಕಟ್ಟಲಾಗದು, ತಾಯಿಗೆ ಮನೆ ಕೊಳ್ಳಲು ನೇರವಾಗಿ ಬಳಸಲಾಗದು. ಮಗಳಿಗೆ ಪಾಲು ಕೊಡುವಾಗ ಪತ್ರದಲ್ಲಿರುವ 50 ಲಕ್ಷದ ಕಾಲು ಭಾಗವಾದ ಹನ್ನೆರಡೂವರೆ ಲಕ್ಷವನ್ನಷ್ಟೇ ಲೆಕ್ಕ ಹಿಡಿದು, ಉಳಿದುದನ್ನು ಮರೆಯುವ ಮನೆಗಳೂ ಉಂಟು. ಸುಳ್ಳು ಬೆಲೆಯ ಪತ್ರವು ಸರಕಾರಕ್ಕೆ ಮಾಡುವ ವಂಚನೆ ಮಾತ್ರವಲ್ಲ, ಅದು ಮನೆಯೊಳಗಿನ ಅಪನಂಬಿಕೆಗೂ ಬೀಜ. ಇಂಥ ಬೆಲೆಯನ್ನು ನಮಸ್ಕರಿಸಿ ಹಿಂದಿರುಗಿಸುವುದೇ ಸರಿ. ಅದೇ ಗಿರಾಕಿ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕ ಕೊಡಲು ಒಪ್ಪಿದರೆ ಎಷ್ಟು ಕೊಡಬಲ್ಲರೆಂದು ಕೇಳುವುದರಲ್ಲಿ ತಪ್ಪಿಲ್ಲ.

ಎರಡನೆಯ ಮತ್ತು ಮೂರನೆಯ ಬೆಲೆಗಳ ಅಂತರ 4 ಲಕ್ಷ, ಕಾಲದ ಅಂತರ 60 ದಿನ. ತಾಯಿಯ ಹೊಸ ಮನೆಗೆ ಈಗಾಗಲೇ ಮುಂಗಡ ಕೊಟ್ಟಿದ್ದು, ಮುಂದಿನ ತಿಂಗಳೇ ಬಾಕಿ ಹಣ ಕಟ್ಟಬೇಕಿದ್ದರೆ 68 ಲಕ್ಷವೇ ಮೇಲು. ಅಂಥ ಅವಸರವಿಲ್ಲದಿದ್ದರೆ 72 ಲಕ್ಷದವರನ್ನು ಇನ್ನಷ್ಟು ವಿಚಾರಿಸಬೇಕು. ಬ್ಯಾಂಕು ಸಾಲದ ಮಂಜೂರಾತಿ ಪತ್ರ ಕೊಟ್ಟಿದೆಯೇ? ಅದು ಗಿರಾಕಿಯ ಆದಾಯವನ್ನು ಮಾತ್ರ ನೋಡಿ ಕೊಟ್ಟದ್ದೇ, ಅಥವಾ ನಮ್ಮ ಮನೆಯ ಕಾಗದಗಳನ್ನೂ ಪರಿಶೀಲಿಸಿ ಕೊಟ್ಟದ್ದೇ? ಬ್ಯಾಂಕಿನ ಮೌಲ್ಯಮಾಪಕರು ಮನೆಯ ಬೆಲೆಯನ್ನು ಕಡಿಮೆ ಅಂದಾಜು ಮಾಡಿದರೆ ಸಾಲದ ಮೊತ್ತ ಇಳಿಯಬಹುದು. ಆ ಕೊರತೆಯನ್ನು ಅವರು ಎಲ್ಲಿಂದ ತುಂಬುತ್ತಾರೆ? ಅವರ ಖರ್ಚು 72 ಲಕ್ಷಕ್ಕೆ ಮುಗಿಯುವುದಿಲ್ಲ. ಶೇಕಡಾ 5ರ ಮುದ್ರಾಂಕ ಶುಲ್ಕ 3 ಲಕ್ಷ 60 ಸಾವಿರ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ 1 ಲಕ್ಷ 44 ಸಾವಿರ. ಇವುಗಳ ಮೇಲೆ ಉಪಕರಗಳು. ಇದಕ್ಕೆ ಸಾಮಾನ್ಯವಾಗಿ ಗೃಹಸಾಲ ಸಿಗುವುದಿಲ್ಲ. ಇದನ್ನೆಲ್ಲ ಎಣಿಸಿಕೊಂಡು ಬಂದ ಗಿರಾಕಿಯ ಮಾತಿಗೆ ತೂಕವಿರುತ್ತದೆ.

ನಮ್ಮ ಕೈ ಸೇರುವ ಮೊತ್ತದ ಲೆಕ್ಕವನ್ನೂ ಮಾಡಿಕೊಳ್ಳಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಕೊಳ್ಳುವವರು ಶೇಕಡಾ 1ರಷ್ಟನ್ನು ಮುರಿದುಕೊಂಡು ಮಾರುವವರ ಹೆಸರಿನಲ್ಲಿ ಆದಾಯ ತೆರಿಗೆಗೆ ಕಟ್ಟುತ್ತಾರೆ. 72 ಲಕ್ಷಕ್ಕೆ ಅದು 72 ಸಾವಿರ, ತಲಾ 18 ಸಾವಿರ. ತಾಯಿಗೆ ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಈ ಕಡಿತದ ದರ ಬಹಳ ಹೆಚ್ಚುವುದರಿಂದ ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿರಿ. ಮಕ್ಕಳಲ್ಲಿ ಯಾರಾದರೂ ಪರದೇಶದ ನಿವಾಸಿಯಾಗಿದ್ದರೆ ಅವರ ಪಾಲಿಗೆ ಬೇರೆಯ, ಹೆಚ್ಚಿನ ದರ ಅನ್ವಯಿಸುತ್ತದೆ. ಲಾಭದ ಮೇಲಿನ ತೆರಿಗೆ 2024ರ ಜುಲೈ 23ರಿಂದ ಶೇಕಡಾ ಹನ್ನೆರಡೂವರೆ. ಅದಕ್ಕೆ ಮೊದಲೇ ಪಡೆದ ಮನೆಯಾದರೆ, ದೇಶದ ನಿವಾಸಿಗಳು ಹಣದುಬ್ಬರದ ಹೊಂದಾಣಿಕೆಯೊಡನೆ ಶೇಕಡಾ 20ರ ಲೆಕ್ಕವನ್ನೂ ಮಾಡಿ, ಕಡಿಮೆ ಬರುವುದನ್ನು ಕಟ್ಟಬಹುದು. ಲಾಭದ ಹಣದಲ್ಲಿ ಎರಡು ವರ್ಷದೊಳಗೆ ಬೇರೊಂದು ವಾಸದ ಮನೆಯನ್ನು ಕೊಂಡರೆ, ಅಥವಾ ಮೂರು ವರ್ಷದೊಳಗೆ ಕಟ್ಟಿಸಿದರೆ ವಿನಾಯಿತಿಯುಂಟು. ಮಾತು ಕೊಡುವ ಮುನ್ನ ತೆರಿಗೆ ಸಲಹೆಗಾರರಲ್ಲಿ ಕಳೆಯುವ ಒಂದು ಗಂಟೆ ವ್ಯರ್ಥವಾಗದು.

ಉತ್ತರ ಹೇಳುವ ಬಗೆ

ಬೆಲೆ ಹೇಳಿದವರಿಗೆ ಒಡನೆಯೇ ಹೂಂ ಎನ್ನುವುದೂ ಬೇಡ, ಮುಖ ಸಿಂಡರಿಸಿ ಇಲ್ಲವೆನ್ನುವುದೂ ಬೇಡ. “ತಾವು ಬಂದದ್ದು ಸಂತೋಷ. ಹೇಳಿದ್ದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಡಿ, ಮನೆಯವರೊಡನೆ ಮಾತನಾಡಿ ಮೂರು ದಿನದಲ್ಲಿ ತಿಳಿಸುತ್ತೇವೆ” ಎಂದರೆ ಸಾಕು. ಹೇಳಿದ ದಿನ ತಪ್ಪದೆ ಉತ್ತರಿಸಿರಿ. ಮನಸ್ಸಿಲ್ಲದ ಗಿರಾಕಿ ಆ ಮೂರು ದಿನದಲ್ಲಿ ಕಾಣೆಯಾಗುತ್ತಾನೆ, ಮನಸ್ಸಿದ್ದವನು ಕಾಯುತ್ತಾನೆ.

ಹೆಚ್ಚು ಬೆಲೆ ಕೇಳುವುದಾದರೆ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ ಒಪ್ಪಿಗೆಯು ಪೂರ್ಣವೂ ಷರತ್ತಿಲ್ಲದ್ದೂ ಆಗಿರಬೇಕು. ಅವರು 72 ಎಂದಾಗ ನಾವು 75 ಎಂದರೆ ಅದು ಒಪ್ಪಿಗೆಯಲ್ಲ, ನಮ್ಮ ಕಡೆಯ ಹೊಸ ಪ್ರಸ್ತಾಪ. ಅವರ 72 ಅಲ್ಲಿಗೆ ಬಿದ್ದುಹೋಗುತ್ತದೆ. ಅವರು ಎದ್ದು ಹೋದ ಮೇಲೆ “ಆಗಲಿ, 72ಕ್ಕೇ ಕೊಡುತ್ತೇವೆ” ಎಂದು ಹಿಂದೆ ಓಡಿದರೆ ಅವರು ಒಪ್ಪಲೇಬೇಕೆಂಬ ನಿಯಮವಿಲ್ಲ. ಆದುದರಿಂದ ಹತ್ತು ಸಲ ಚೌಕಾಸಿ ಮಾಡುವುದಕ್ಕಿಂತ, ಯೋಚಿಸಿ ಒಂದೇ ಸಲ ಮರುಬೆಲೆ ಹೇಳುವುದು ಮೇಲು. ಅದರಲ್ಲಿ ಬೆಲೆಯೊಂದೇ ಇರದಿರಲಿ. “74 ಲಕ್ಷ, 60 ದಿನ, ಮಂಜೂರಾತಿ ಪತ್ರ 15 ದಿನದೊಳಗೆ, ಸೋಲಾರ್, ಕೊಳವೆಬಾವಿಯ ಪಂಪು ಮನೆಗೆ ಸೇರಿದ್ದು, ತೂಗುಮಣೆ, ಪೂಜೆಯ ಕೋಣೆಯ ಮಂಟಪ ನಮ್ಮದು” ಎಂದು ಎಲ್ಲವೂ ಒಟ್ಟಿಗೆ ಬರಲಿ. ಒಂದು ತೂಗುಮಣೆಗಾಗಿ ಕೊನೆಯ ದಿನ ಮನಸ್ತಾಪವಾದ ವ್ಯವಹಾರಗಳಿವೆ.

ಮನೆಯ ದೋಷಗಳನ್ನು ಮುಚ್ಚಿಡಬಾರದು. ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ ಮಹತ್ವದ ದೋಷವನ್ನು, ಅದು ಕಟ್ಟಡದಲ್ಲಿರಲಿ ಹಕ್ಕಿನಲ್ಲಿರಲಿ, ಮಾರುವವರು ತಿಳಿಸಲೇಬೇಕೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮು ಹೇಳುತ್ತದೆ. ಸೋರುವ ಮಾಳಿಗೆ, ಪಕ್ಕದವರೊಡನೆ ಗೋಡೆಯ ತಂಟೆ, ತೀರದ ಸಾಲ, ಬಾಡಿಗೆದಾರರು, ಬಾಕಿ ಕರ ಇವೆಲ್ಲವನ್ನೂ ಮೊದಲೇ ಹೇಳಿದರೆ ಬೆಲೆ ತುಸು ಇಳಿಯಬಹುದು. ಆದರೆ ನಂತರ ಯಾರೂ ಬೆರಳು ತೋರಿಸಲಾರರು.

ಕೊಳ್ಳುವವರು ಬಂಧುಗಳೋ ಪರಿಚಿತರೋ ಆಗಿದ್ದರೆ ಕಷ್ಟ ಇನ್ನೊಂದು ಬಗೆಯದು. “ನಮ್ಮವರಲ್ಲಿ ಕಾಗದ ಪತ್ರವೇಕೆ?” ಎಂಬ ಸಂಕೋಚ ಅಡ್ಡಬರುತ್ತದೆ. ನಾವು ಹೇಳುವುದಿಷ್ಟು: ಕಾಗದ ಬೇಕಾದದ್ದು ಅಪನಂಬಿಕೆಗಾಗಿ ಅಲ್ಲ, ಮರೆವಿಗಾಗಿ. ಬಂಧುತ್ವಕ್ಕಾಗಿ ಒಂದೆರಡು ಲಕ್ಷ ಬಿಡಬೇಕೆನಿಸಿದರೆ ಬಿಡಿರಿ. ಬರವಣಿಗೆಯನ್ನು ಮಾತ್ರ ಬಿಡಬೇಡಿರಿ.

ಸಂಚಕಾರವೂ ಕರಾರೂ

ಮಾತು ಕುದುರಿದ ಮೇಲೆ ಸಂಚಕಾರದ ಹಣ ಬರುತ್ತದೆ. ಅದನ್ನು ಚೆಕ್ಕಿನಿಂದಲೋ ಬ್ಯಾಂಕಿನ ಮೂಲಕವೋ ಪಡೆಯಿರಿ. ಕರಾರು ಸಿದ್ಧವಾಗುವ ಮುನ್ನ ‘ಟೋಕನ್’ ಎಂಬ ಹೆಸರಿನಲ್ಲಿ ಏನನ್ನೂ ಪಡೆಯಬೇಡಿರಿ. ಕೊಳ್ಳುವವರು ಹಿಂದೆ ಸರಿದರೆ ಆ ಹಣವೇನಾಗುತ್ತದೆ ಎಂಬುದು ಅದನ್ನು ಹೇಗೆ ಬರೆದುಕೊಂಡಿದ್ದೇವೆ ಎಂಬುದರ ಮೇಲೆ ನಿಂತಿದೆ. ವ್ಯವಹಾರದ ಭದ್ರತೆಗಾಗಿ ಕೊಟ್ಟ ಸಂಚಕಾರವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು, ಬೆಲೆಯ ಭಾಗವಾಗಿ ಕೊಟ್ಟ ಮುಂಗಡವನ್ನು ಹಾಗೆ ಉಳಿಸಿಕೊಳ್ಳಲಾಗದು ಎಂಬ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯ 2012ರ ತೀರ್ಪೊಂದರಲ್ಲಿ ಎತ್ತಿ ಹೇಳಿದೆ. ಗಿರಾಕಿಯ ಸಾಲ ಮಂಜೂರಾಗದಿದ್ದರೆ ಏನು, ಅವರಾಗಿಯೇ ಬೇಡವೆಂದರೆ ಏನು, ನಾವು ತಪ್ಪಿದರೆ ಏನು ಎಂಬ ಮೂರು ಪ್ರಶ್ನೆಗಳಿಗೂ ಕರಾರಿನಲ್ಲಿ ಬೇರೆ ಬೇರೆ ಉತ್ತರವಿರಲಿ.

ಕರಾರಿಗೆ ಸಹಿ ಹಾಕಿದ ಮರುವಾರ ಇನ್ನೊಬ್ಬರು ಬಂದು ಐದು ಲಕ್ಷ ಹೆಚ್ಚು ಕೊಡುತ್ತೇವೆ ಎನ್ನಬಹುದು. ಆಸೆ ಮನುಷ್ಯ ಸಹಜ. ಸಂಚಕಾರವನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳಬಹುದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ನಿರ್ದಿಷ್ಟ ಪರಿಹಾರ ಕಾಯಿದೆಗೆ ಆದ ತಿದ್ದುಪಡಿಯು 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಕೊಳ್ಳುವವರು ಕರಾರಿನಂತೆ ನಡೆಯಲು ಸಿದ್ಧರಿದ್ದರೆ, ಮನೆಯನ್ನೇ ಬರೆದುಕೊಡುವಂತೆ ನ್ಯಾಯಾಲಯ ಆಜ್ಞಾಪಿಸುವುದು ಈಗ ನಿಯಮವೇ ಆಗಿದೆ. ಮೊದಲಿನಂತೆ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದಲ್ಲ. ದಾವೆ ಹೂಡಲು ಅವರಿಗೆ ಮೂರು ವರ್ಷಗಳ ಅವಧಿಯಿದೆ. ಅಷ್ಟು ಕಾಲ ಆ ಮನೆ ನಮ್ಮದಾಗಿಯೂ ನಮ್ಮದಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಪೂರ್ತಿ ಹಣ ಬರುವ ತನಕ ಮೂಲ ಪತ್ರಗಳನ್ನೂ ಬೀಗದ ಕೈಯನ್ನೂ ಕೊಡಬೇಡಿರಿ. ನೋಡಲು ನಕಲುಗಳು ಸಾಕು. “ಒಳ್ಳೆಯ ದಿನವಿದೆ, ಹಾಲು ಉಕ್ಕಿಸಿಬಿಡುತ್ತೇವೆ” ಎಂದು ಕೇಳಿದರೂ ವಿನಯದಿಂದಲೇ ನಿರಾಕರಿಸಿರಿ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಬೀಳುತ್ತದೆ. ಒಳಹೊಕ್ಕವರನ್ನು ಹೊರಗೆ ಕರೆಯುವುದೂ ಸುಲಭವಲ್ಲ.

ನೋಂದಣಿಯ ದಿನ

ಕಾಗದಗಳು ಮೊದಲೇ ಸಿದ್ಧವಿರಲಿ: ಮೂಲ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಕಟ್ಟಡದ ಪರವಾನಿಗೆ, ಕರದ ರಸೀದಿ, ತಂದೆಯ ಮರಣ ಪ್ರಮಾಣಪತ್ರ, ವಂಶಾವಳಿ. ರಾಜ್ಯದಲ್ಲಿ 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆ. ಖಾತೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಲು ಕಾಲ ಹಿಡಿಯುತ್ತದೆ. ಆ ಕಾಲವನ್ನು ಎಣಿಸದೆ 30 ದಿನದ ಮಾತು ಕೊಟ್ಟರೆ ಮಾತು ತಪ್ಪುವವರು ನಾವೇ ಆಗುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಹಣದ್ದು. ಕ್ರಯಪತ್ರ ನೋಂದಣಿಯಾದ ಮೇಲೆ ಬೆಲೆಯ ಬಹುಪಾಲು ಬಾಕಿ ಉಳಿದರೂ ಅದೊಂದೇ ಕಾರಣಕ್ಕೆ ಪತ್ರವನ್ನು ರದ್ದುಪಡಿಸಲಾಗದು, ಬಾಕಿಗಾಗಿ ಬೇರೆ ದಾವೆ ಹೂಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈನಲ್ಲಿ ತೀರ್ಪು ನೀಡಿತು. ಮುಂದಿನ ದಿನಾಂಕದ ಚೆಕ್ಕುಗಳನ್ನು ನಂಬಿ ಸಹಿ ಹಾಕಿದವರ ಪಾಡು ಇದರಿಂದ ತಿಳಿಯುತ್ತದೆ. ಹಣ ಖಾತೆಗೆ ಜಮೆಯಾದದ್ದನ್ನು, ಅಥವಾ ಡಿ.ಡಿ. ಅಸಲಿಯೆಂದು ಕೊಟ್ಟ ಬ್ಯಾಂಕಿನಿಂದಲೇ ಖಚಿತಪಡಿಸಿಕೊಂಡ ಮೇಲೆ ಲೇಖನಿ ಎತ್ತಿರಿ. ಹಣ ನಾಲ್ವರ ಖಾತೆಗಳಿಗೂ ಅವರವರ ಪಾಲಿನಂತೆ ನೇರವಾಗಿ ಬರುವ ಹಾಗೆ ಕರಾರಿನಲ್ಲಿಯೇ ಬರೆಸಿದರೆ, ಹಂಚಿಕೆಯ ಜಗಳಕ್ಕೆ ಎಡೆಯೇ ಇರುವುದಿಲ್ಲ. ವಯಸ್ಸಾದ ತಾಯಿಯ ಪಾಲು ತಾಯಿಯ ಖಾತೆಯಲ್ಲೇ ಇರಲಿ. ಅದು ಆಕೆಯ ಮುಂದಿನ ದಿನಗಳ ಊರುಗೋಲು.

ಮನೆಯನ್ನು ಮಾರುವಾಗ ಗೋಡೆ ಮಾಳಿಗೆಗಳು ಪರರ ಪಾಲಾಗುತ್ತವೆ. ಉಳಿದುಕೊಳ್ಳಬೇಕಾದದ್ದು ಆ ಮನೆಯಲ್ಲಿ ಬೆಳೆದವರ ಸಂಬಂಧ. ಮುಂದಿನ ಹಬ್ಬಕ್ಕೆ ಮಗಳು ತಾಯಿಯ ಹೊಸ ಮನೆಗೆ ನಗುಮೊಗದಿಂದ ಬರುವಂತಿರಬೇಕು; ಮನೆ ಕೊಂಡವರು ದಾರಿಯಲ್ಲಿ ಸಿಕ್ಕಾಗ ನಿಂತು ಶರಣು ಎನ್ನುವಂತಿರಬೇಕು. ಎರಡು ಲಕ್ಷ ಹೆಚ್ಚು ಬಂದಿತೋ ಕಡಿಮೆ ಬಂದಿತೋ ಎಂಬುದು ಕೆಲವು ವರ್ಷಗಳಲ್ಲಿ ಮರೆತುಹೋಗುತ್ತದೆ. ಯಾರನ್ನು ಕೇಳಿ ಮಾತು ಕೊಟ್ಟರು, ಕೊಟ್ಟ ಮಾತನ್ನು ಹೇಗೆ ನಡೆಸಿದರು ಎಂಬುದನ್ನು ಮನೆಯವರು ಮರೆಯುವುದಿಲ್ಲ.